ಅತ್ತೆಯ ಹಿತ್ತಲಿನಲ್ಲಿ ಕಾಲು ತೊಳೆದವರು

ಚಿಂತಾಕಿಯ ನಮ್ಮ ಅತ್ತೆಯ ಮನೆಗೆ ಯಾರೇ ಹೋಗಲಿ, ಸ್ನಾನ ಮಾಡಿಕೊಂಡು ಹೋಗಬಾರದು. ಹೋದರೆ ಅವಮಾನ ನಿಶ್ಚಿತ! ಬೀದರದಲ್ಲಿ ಮೈ ತೊಳೆದುಕೊಂಡು ಬಂದೆಯಾ, ಆ ನೀರು ಯಾವ ಗಿಡಕ್ಕೆ ಹೋಯಿತು ಎಂದು ಹೊಸಿಲ ಮೇಲೆಯೇ ವಿಚಾರಣೆ ಶುರುವಾಗುತ್ತದೆ. ಗಟಾರಕ್ಕೆ ಹೋಯಿತೆಂದು ನಿಜ ಹೇಳಿದರೆ ಚಹಾ ತಡವಾಗುತ್ತದೆ. ಗಿಡಕ್ಕೆ ಹೋಯಿತೆಂದು ಸುಳ್ಳು ಹೇಳಿದರೆ ಯಾವ ಗಿಡ, ಎಷ್ಟು ಎತ್ತರ, ಕಾಯಿ ಬಿಟ್ಟಿದೆಯೇ ಎಂದು ಪಾಟೀಸವಾಲು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ತಡವಾದ ಚಹಾವೇ ವಾಸಿ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಹೆಂಡತಿಯ ತಾಯಿಯಾಗಿದ್ದರೆ ಅಳಿಯನೆಂಬ ಮರ್ಯಾದೆಗಾದರೂ ನನ್ನನ್ನು ಬಿಡುತ್ತಿದ್ದಳೇನೋ. ಔರಾದ ತಾಲ್ಲೂಕಿನ ಆ ಊರಲ್ಲಿ ಅವಳಿಗೆ ಎರಡು ಕೋಣೆಯ ಮನೆ, ಮನೆಯ ಹಿಂದೆ ಒಂದು ಹಿತ್ತಲು. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ಮಗಳನ್ನು ಭಾಲ್ಕಿಗೆ ಕೊಟ್ಟಿದೆ. ಹಾಗೆಂದು ಒಬ್ಬಳೇ ಇರುತ್ತಾಳೆ ಎನ್ನುವಂತಿಲ್ಲ. ಓಣಿಯ ಅರ್ಧ ಜನ ಅವಳ ಹಿತ್ತಲಲ್ಲೇ ಇರುತ್ತಿದ್ದರು. ಉಳಿದರ್ಧ ಜನ ಅವಳ ಬೈಗುಳಕ್ಕೆ ಹೆದರಿ ಮನೆಯಲ್ಲಿರುತ್ತಿದ್ದರು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ಪದ್ಧತಿ. ಎಲ್ಲರೂ ತಂಬಿಗೆಯನ್ನು ಬಾಗಿಲಲ್ಲಿ ಕೊಡುತ್ತಾರೆ, ಅತ್ತೆ ಹಿತ್ತಲಲ್ಲಿ ಕೊಡುತ್ತಾಳೆ. ಬಂದವರ ಯೋಗ್ಯತೆಯನ್ನು ಅಳೆದು ಒಂದೊಂದು ಗಿಡದ ಬುಡದಲ್ಲಿ ನಿಲ್ಲಿಸುತ್ತಾಳೆ. ಅಳಿಯಂದಿರಿಗೆ ಲಿಂಬೆ. ಶಾಲೆಯ ಮಾಸ್ತರರಿಗೆ ನುಗ್ಗೆ. ಓಟು ಕೇಳಲು ಬಂದವರಿಗೆ ಬೇಲಿಯ ಔಡಲ, ಅದೇ ಹರಳು. ನನಗೆ ಚಿಕ್ಕಂದಿನಲ್ಲಿ ಬದನೆ ಕೊಟ್ಟಿದ್ದಳು. ತಲೆಯ ಕೂದಲು ಉದುರಿದವು, ಮೀಸೆ ಬೆಳ್ಳಗಾಯಿತು, ಬಡ್ತಿ ಮಾತ್ರ ಸಿಗಲಿಲ್ಲ.

ನೀರನ್ನು ನೇರವಾಗಿ ಗಿಡಕ್ಕೇ ಹಾಕಿದರಾಗದೇ, ನಡುವೆ ನಮ್ಮ ಕಾಲು ಯಾಕೆ ಎಂದು ಒಮ್ಮೆ ಕೇಳಿದೆ.

"ಬರೇ ಗಿಡಕ್ಕ ಹಾಕಿದ್ರ ಗಿಡ ಒಂದೇ ಉಂಡಂಗ. ಕಾಲ ತೊಳದು ಹಾಕಿದ್ರ ಇಬ್ಬರು ಉಂಡಂಗ," ಎಂದಳು. "ಒಂದು ನೀರಿಗಿ ಎರಡು ಕೆಲಸ ಇರಬೇಕು ತಮ್ಮಾ. ಒಂದೇ ಕೆಲಸ ಮಾಡಿದ ನೀರು ದಂಡ."

ಇದು ಅವಳ ಸಂವಿಧಾನ. ಅದಕ್ಕೆ ತಿದ್ದುಪಡಿ ಇಲ್ಲ. ಅಕ್ಕಿ ತೊಳೆದ ನೀರು ಹೀರೆಗೆ, ಪಾತ್ರೆ ತೊಳೆದದ್ದು ಪುಂಡಿ ಸೊಪ್ಪಿಗೆ, ಮೈ ತೊಳೆದದ್ದು ಚವಳಿಕಾಯಿಗೆ. ಓಣಿಯ ಹನ್ನೊಂದು ಮನೆಯವರೂ ತಮ್ಮ ಬಚ್ಚಲಿನ ನೀರನ್ನು ಬಕೆಟ್ಟಿನಲ್ಲಿ ತಂದು ಅವಳ ಹಿತ್ತಲಿಗೆ ಸುರಿಯಬೇಕು, ಹೋಗುವಾಗ ಪಲ್ಯಕ್ಕೆ ಬೇಕಾದದ್ದನ್ನು ಕಿತ್ತುಕೊಂಡು ಹೋಗಬೇಕು. ಮಳೆ ಬಿದ್ದ ವಾರ ಎಲ್ಲರೂ ಬಂದು ತಂತಮ್ಮ ಹಿತ್ತಲಿಗೆ ಅವಳಿಂದಲೇ ಬೀಜ ಒಯ್ಯುತ್ತಿದ್ದರು. ಬಕೆಟ್ಟು ತರದವರ ಮನೆಗೆ ಅವಳೇ ಹೋಗಿ, ಇವತ್ತು ಸ್ನಾನ ಮಾಡಿಲ್ಲವೇ ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದಳು. ಮರುದಿನದಿಂದ ಬಕೆಟ್ಟು ತಪ್ಪುತ್ತಿರಲಿಲ್ಲ.

ಒಮ್ಮೆ ಮಗಳು ಹಟ ಮಾಡಿ ಭಾಲ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಟೈಲ್ಸ್ ಹಾಕಿದ ಬಚ್ಚಲು, ಗೋಡೆಯಿಂದಲೇ ಬಿಸಿನೀರು. ಅತ್ತೆ ಮೂರು ದಿನ ಸ್ನಾನವನ್ನೇ ಮಾಡಲಿಲ್ಲ. ನಾಲ್ಕನೆಯ ದಿನ ಮಗಳು ಗಾಬರಿಯಾಗಿ ನನ್ನನ್ನು ಕರೆಸಿದಳು. ಮೈಯಲ್ಲಿ ಆರಾಮಿಲ್ಲವೇ ಎಂದು ವಿಚಾರಿಸಿದೆ.

"ನಂಗೇನಾಗ್ಯದ? ಗಟಾರಕ್ಕ ಜಳಕಾ ಮಾಡಸಲಕ್ಕ ನಾ ಯಾಕ ಮೈಮ್ಯಾಲ ನೀರು ಹಾಕೋಬೇಕು?"

ಕೊನೆಗೆ ಅಳಿಯನೇ ಬಚ್ಚಲಿನ ಪೈಪು ಒಡೆಸಿ ಹೊರಗಿನ ಬಾಳೆಗೆ ತಿರುಗಿಸಿದ. ಅತ್ತೆ ಅವತ್ತು ಎರಡು ಸಲ ಸ್ನಾನ ಮಾಡಿದಳು. ಮುಂದಿನ ವರ್ಷ ಆ ಬಾಳೆ ಗೊನೆ ಹಾಕಿತು. ಅಳಿಯ ಅದನ್ನು ತನ್ನ ಸಾಧನೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ನನ್ನ ತಂಗಿಯ ಕನ್ಯಾ ನೋಡುವ ಕಾರ್ಯ ಅತ್ತೆಯ ಮನೆಯಲ್ಲೇ ನಡೆಯಿತು. ನಾವು ಮಾಡಿದ ದೊಡ್ಡ ತಪ್ಪು ಅದು! ಭಾತಂಬ್ರಾದಿಂದ ಬೀಗರು ಬಂದರು. ಅತ್ತೆಯ ಗಿಡಗಳ ದರ್ಜೆಯ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಹುಡುಗನನ್ನು ಲಿಂಬೆಯ ಬುಡದಲ್ಲಿ ನಿಲ್ಲಿಸಿದಳು, ಸರಿ. ಹುಡುಗನ ತಂದೆಯನ್ನು ಒಯ್ದು ಔಡಲದ ಬುಡದಲ್ಲಿ ನಿಲ್ಲಿಸಿದಳು! ಆ ಹಿರಿಯರ ಮುಖ ಅಲ್ಲಿಯೇ ಬಿಗಿಯಿತು. ಒಳಗೆ ಬಂದು ಕುಳಿತರು, ಪೋಹಾ ಮುಟ್ಟಲಿಲ್ಲ. ಔಡಲಕ್ಕೆ ನಿಲ್ಲಿಸಿದ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ತಮ್ಮ ಕಡೆಯವರ ಕಿವಿಯಲ್ಲಿ ಹೇಳಿದರು, ಅದು ನಮ್ಮೆಲ್ಲರ ಕಿವಿಗೂ ಬಿತ್ತು. ನಮ್ಮಪ್ಪ ಬೆವರಿದ. ಅತ್ತೆ ಬೆವರಲಿಲ್ಲ, ಅದನ್ನೂ ಗಿಡಕ್ಕೆ ಉಳಿಸಿದ್ದಳೋ ಏನೋ.

"ಔಡಲ ನಿನ್ನಿಯಿಂದ ಬಾಡ್ಯದ್ರಿ. ನಿಮ್ಮ ಪಾದ ದೊಡ್ಡವು ಅವ, ಇಡೀ ತಂಬಗಿ ಬೇಕಾಗ್ತದ ಅಂತ ಅಲ್ಲಿ ನಿಂದರಸೀನಿ," ಎಂದಳು.

ಬೀಗರು ತಮ್ಮ ಪಾದ ನೋಡಿಕೊಂಡರು. ನಿಜಕ್ಕೂ ದೊಡ್ಡವೇ ಇದ್ದವು. ಹಾಗಾದರೆ ನನಗೂ ಲಿಂಬೆ ಕೊಡಿ, ಆಮೇಲೆ ಪೋಹಾ ತಿನ್ನುತ್ತೇನೆ ಎಂದರು. ಮತ್ತೆ ಹಿತ್ತಲು, ಮತ್ತೆ ತಂಬಿಗೆ. ಮದುವೆ ಗಟ್ಟಿಯಾಯಿತು. ಒಬ್ಬ ಮನುಷ್ಯನಿಂದ ಒಂದೇ ದಿನ ಎರಡು ಗಿಡಕ್ಕೆ ನೀರು ಹಾಕಿಸಿದ ಸಂತೋಷದಲ್ಲಿ ಅತ್ತೆ ಮದುವೆಯ ವಿಷಯವನ್ನೇ ಮರೆತಂತಿತ್ತು.

ಇನ್ನು ನನ್ನ ಉದ್ಯೋಗ. ನಗಬೇಡಿ. ಬೀದರದ ಒಂದು ಸಣ್ಣ ಸಂಸ್ಥೆಯಲ್ಲಿ ಇದ್ದುಕೊಂಡು, ಔರಾದ ಭಾಲ್ಕಿ ಕಡೆಯ ಹಳ್ಳಿಗಳಿಗೆ ಹೋಗಿ, ನೀರು ಹಿಡಿಯಿರಿ, ಮಣ್ಣು ಉಳಿಸಿರಿ, ಒಂದೇ ಬೆಳೆಯನ್ನು ನೆಚ್ಚಬೇಡಿರಿ ಎಂದು ಹೇಳುವುದೇ ನನ್ನ ಕೆಲಸ. ಬರದ ವರ್ಷದಲ್ಲಿ ನೀರಿನ ಭಾಷಣ ಮಾಡುವುದೆಂದರೆ ಉಪವಾಸ ಇದ್ದವರಿಗೆ ಅಡುಗೆ ಹೇಳಿಕೊಟ್ಟಂತೆ. ಬ್ಯಾನರು ಕಟ್ಟು, ತಿನ್ನಲು ಚುಡುವಾ ಹಂಚು, ಹಾಜರಿಗೆ ಸಹಿ ಹಾಕಿಸು, ಬ್ಯಾನರು ಬಿಚ್ಚು. ಮುಂದಿನ ಸಾಲಿನಲ್ಲಿ ಕುಳಿತವರು ನನ್ನ ಮಾತಿಗೆ ಬಂದಿದ್ದರೋ ಶಾಮಿಯಾನದ ನೆರಳಿಗೆ ಬಂದಿದ್ದರೋ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಆಗಲಿಲ್ಲ. ಬಸ್ಸಿನಲ್ಲಿ ನಿಂತು ನಿಂತು ಮೊಣಕಾಲು ಹೋಯಿತು. ಸಂಜೆ ಮನೆಗೆ ಬಂದು ವರದಿ ಬರೆಯುವಾಗ, ಇದನ್ನು ಯಾರು ಓದುತ್ತಾರೆ ಎಂದು ಪೆನ್ನೇ ಕೇಳುತ್ತಿತ್ತು.

ನಮ್ಮ ಸಂಸ್ಥೆಯ ಹನಿ ನೀರಾವರಿಯ ಪೈಪನ್ನು ಅತ್ತೆಗೂ ಒಂದು ಸುರುಳಿ ಕೊಟ್ಟಿದ್ದೆ. ಅತ್ತೆ ಅದನ್ನು ತಿರುವಿ ಮುರುವಿ ನೋಡಿ, ಹನಿ ಬರುವುದು ಸರಿ, ಈ ಕಡೆಯಿಂದ ಒಳಗೆ ಹೋಗುವ ನೀರು ಎಲ್ಲಿದೆ ಎಂದು ಕೇಳಿದಳು. ಕೇಳುತ್ತಲೇ ಅದನ್ನು ಎರಡು ಗೂಟಕ್ಕೆ ಕಟ್ಟಿ ಸೀರೆ ಒಣಹಾಕಿದಳು. ನನ್ನ ವರದಿಯಲ್ಲಿ ಅದು 'ಬಳಕೆಯಲ್ಲಿದೆ' ಎಂದೇ ಇದೆ. ಸುಳ್ಳೇನಲ್ಲವಲ್ಲ!

ದೂರದಿಂದ ಬಂದ ದೊಡ್ಡ ಸಾಹೇಬರೊಬ್ಬರಿಗೆ ಅವಳ ಹಿತ್ತಲು ತೋರಿಸಿದ್ದೂ ಉಂಟು. ಸಾಹೇಬರು ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಪುಂಡಿಯ ಬುಡದಲ್ಲಿ ನಿಂತು ಕಾಲು ತೊಳೆಯುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ದಿನಕ್ಕೆ ಎಷ್ಟು ಲೀಟರ್ ನೀರು ಹಾಕುತ್ತೀರಿ ಎಂದು ಅವರು ಕೇಳಿದರು. "ಲೀಟರ್ ನಂಗ ತಿಳಿಯಂಗಿಲ್ರಿ. ಎಷ್ಟು ಕಾಲು ಬಂದ್ವು ಅಂತ ಹೇಳ್ತೀನಿ," ಎಂದಳು. ಸಾಹೇಬರು ಗಂಭೀರವಾಗಿ ಬರೆದುಕೊಂಡರು.

ಆಮೇಲೆ ಮಳೆ ಸಾಲಾಗಿ ಕೈಕೊಟ್ಟು ಬರದ ಮೂರನೆಯ ವರ್ಷ ಬಂತು. ಬಾವಿ ತಳ ಕಂಡಿತು. ಟ್ಯಾಂಕರು ದಿನ ಬಿಟ್ಟು ದಿನ ಎಂದದ್ದು, ಮನಸ್ಸು ಬಂದ ದಿನ ಎಂದಾಯಿತು. ಓಣಿಯವರು ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟರು. ಒಂದೊಂದೇ ಬಾಗಿಲಿಗೆ ಬೀಗ ಬಿತ್ತು. ಒಂದು ಬೀಗ ಎಂದರೆ ಅತ್ತೆಯ ಹಿತ್ತಲಿಗೆ ಒಂದು ಬಕೆಟ್ಟು ಕಡಿಮೆ. ಹೀರೆ ಒಣಗಿತು. ಪುಂಡಿ ಹೋಯಿತು. ನುಗ್ಗೆ ಎಲೆ ಉದುರಿಸಿತು, ಬೀಗರ ಲಿಂಬೆ ಕಡ್ಡಿಯಾಯಿತು. ಯುಗಾದಿ ಮುಗಿದು ಬಿಸಿಲು ಏರುವ ಹೊತ್ತಿಗೆ ಉಳಿದದ್ದು ಒಂದು ಬದನೆ ಗಿಡ, ಗಿಡದಲ್ಲಿ ಒಂದೇ ಕಾಯಿ.

ಆ ಕಾಯಿಯ ಮಹತ್ವವನ್ನು ನಾನೂ ಮೊದಲು ತಿಳಿದಿರಲಿಲ್ಲ. ಅದು ಆ ಓಣಿಯ ಹಳೆಯ ಮುಳ್ಳುಬದನೆ. ಎರಡು ವರ್ಷ ಎಲ್ಲರೂ ಬಿತ್ತಿದ್ದು ಮಣ್ಣಲ್ಲೇ ಸುಟ್ಟುಹೋಗಿ ಯಾರ ಮನೆಯಲ್ಲೂ ಅದರ ಬೀಜ ಇರಲಿಲ್ಲ. ಅತ್ತೆಯ ಡಬ್ಬಿಯೂ ಖಾಲಿ. ಬೀಜ ಸಿಗಬೇಕಾದರೆ ಆ ಕಾಯಿ ಗಿಡದಲ್ಲೇ ಬಲಿತು ಹಳದಿಯಾಗಬೇಕು, ಅಲ್ಲಿಯವರೆಗೆ ಗಿಡ ಜೀವ ಹಿಡಿಯಬೇಕು. ಹಿಡಿಯದಿದ್ದರೆ ಮಳೆ ಬಂದು, ಜನ ತಿರುಗಿ ಬಂದು ಬಾಗಿಲಲ್ಲಿ ನಿಂತಾಗ ಕೊಡಲು ಅವಳಲ್ಲಿ ಏನೂ ಇಲ್ಲ. ಬೀದರದ ಅಂಗಡಿಯಿಂದ ಪಾಕೀಟು ತರುತ್ತೇನೆ ಎಂದೆ. ಪಾಕೀಟಿನ ಬೀಜ ಒಮ್ಮೆ ಕಾಯಿ ಕೊಡುತ್ತದೆ, ಮರುವರ್ಷ ಮತ್ತೆ ಅಂಗಡಿಗೇ ಕಳಿಸುತ್ತದೆ ಎಂದಳು. ಮುಖ ತೊಳೆಯುವುದು, ಕೈ ತೊಳೆಯುವುದು, ಬಾಯಿ ಮುಕ್ಕಳಿಸುವುದು ಎಲ್ಲ ಆ ಗಿಡದ ಬುಡದಲ್ಲೇ ನಡೆಯಿತು. ಭಾಲ್ಕಿಗೆ ಬಾ ಎಂದು ಮಗಳು ಅತ್ತರೂ ಹೋಗಲಿಲ್ಲ. ಒಂದು ಬದನೆಕಾಯಿಗೋಸ್ಕರ ಈ ಬಿಸಿಲಲ್ಲಿ ಸಾಯುತ್ತೀಯಾ ಎಂದು ನಾನೂ ಕೂಗಾಡಿದೆ. ಕೂಗಿ ಗಂಟಲು ಒಣಗಿದ್ದಷ್ಟೇ ಬಂತು.

ಆ ಬೇಸಿಗೆಯ ಒಂದು ದಿನ ಔರಾದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಸಭೆ ಇತ್ತು. ಏಳು ವರ್ಷ ಓಡಾಡಿ ನಾನು ಕಟ್ಟಿದ ಹೆಂಗಸರ ಗುಂಪು ಅದು. ಹಳ್ಳಕ್ಕೆ ಒಡ್ಡು ಹಾಕಿದ್ದರು, ಜೋಳದ ನಡುವೆ ತೊಗರಿ, ಹೆಸರು ಬೆಳೆದಿದ್ದರು. ನನ್ನ ಬದುಕಿನಲ್ಲಿ ತೋರಿಸಿಕೊಳ್ಳಲು ಇದ್ದದ್ದು ಅದೊಂದೇ. ಹೋದರೆ ಸಭೆಗೆ ಯಾರೂ ಇಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನೊಬ್ಬ ಎಲ್ಲರೂ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಔರಾದಿಗೆ ಹೋದರು ಎಂದ. ಔರಾದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹಾಸಿಗೆಯ ಸುರುಳಿ, ಪಾತ್ರೆಯ ಚೀಲಗಳ ಮೇಲೆ ಕುಳಿತು ಹೈದರಾಬಾದಿನ ಬಸ್ಸು ಕಾಯುತ್ತಿದ್ದರು. ಗುಂಪಿನ ಹಾಜರಿ ಪುಸ್ತಕ ಇಟ್ಟುಕೊಂಡಿದ್ದ ಹೆಂಗಸು ಅದನ್ನು ಸೀರೆಯ ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಇದು ನೀವೇ ಇಟ್ಕೋರಿ ಸರ್. ನಿಮಗ ಹೇಳಲ್ದೆ ಹೊಂಟೀವಿ ಅಂತ ಸಿಟ್ಟಾಗಬ್ಯಾಡ್ರಿ."

ಸಿಟ್ಟು! ನನಗೆ ಅಷ್ಟು ಶಕ್ತಿ ಎಲ್ಲಿತ್ತು? ಬಸ್ಸು ಬಂತು, ಅವರು ಹತ್ತಿದರು, ನಾನು ಕೆಳಗಿನಿಂದ ಒಂದೆರಡು ಗಂಟು ಎತ್ತಿಕೊಟ್ಟೆ. ಆಮೇಲೆ ಬೀದರಕ್ಕೆ ಹೋಗಬೇಕಾದವನು ಯಾಕೋ ಚಿಂತಾಕಿಯ ಕಡೆಯ ಗಾಡಿ ಹತ್ತಿದೆ.

ಮಧ್ಯಾಹ್ನ ಅತ್ತೆಯ ಬಾಗಿಲಲ್ಲಿ ನಿಂತಾಗ ಅವಳು ಸ್ನಾನದ ವಿಚಾರಣೆ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲರೂ ಹೋದರು ಎಂದಷ್ಟೇ ಹೇಳಿದೆ. ಟ್ಯಾಂಕರು ಬಂದು ಮೂರು ದಿನವಾಗಿತ್ತು. ಅವಳು ಒಳಗೆ ಹೋಗಿ ಕೊಡವನ್ನು ಬಗ್ಗಿಸಿ ತಂಬಿಗೆ ತುಂಬಿದ ಸದ್ದು ಕೇಳಿತು. ಆ ಸದ್ದಿನಲ್ಲೇ ಕೊಡದ ತಳ ಗೊತ್ತಾಗುತ್ತಿತ್ತು. ನಾನು ಚಪ್ಪಲಿ ಬಿಟ್ಟು, ರೂಢಿಯಂತೆ ಹಿತ್ತಲಿಗೆ ನಡೆದು ಬದನೆಯ ಬುಡದಲ್ಲಿ ಹೋಗಿ ನಿಂತೆ. ಎಲೆಗಳು ಜೋತುಬಿದ್ದಿದ್ದವು. ಕಾಯಿಯ ಒಂದು ಮಗ್ಗುಲು ಮಾತ್ರ ಹಳದಿಗೆ ತಿರುಗಿತ್ತು.

ಅತ್ತೆ ಬಂದು ನನ್ನ ರಟ್ಟೆ ಹಿಡಿದು ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ತಂದು ನಿಲ್ಲಿಸಿದಳು.

"ಇಲ್ಲೇ ನಿಂದರು. ನಾ ಹಾಕ್ತೀನಿ, ನೀ ತೊಳ್ಕೋ."

"ಗಿಡ ಬಾಡ್ಯದ ಅತ್ತಿ," ಎಂದೆ.

"ಅದು ನಾಳಿ ತನಕ ತಡೀತದ. ನೀ ತಡಿಯಂಗಿಲ್ಲ."

ನಿಧಾನವಾಗಿ, ಇಡೀ ತಂಬಿಗೆಯನ್ನು ನನ್ನ ಕಾಲ ಮೇಲೆ ಸುರಿದಳು. ತಣ್ಣಗಿತ್ತು. ನಾನು ಬಗ್ಗಿ ತೊಳೆಯುವ ನೆಪದಲ್ಲಿ ಮುಖ ಮೇಲೆತ್ತಲಿಲ್ಲ, ಯಾಕೆಂದರೆ ಅಳುತ್ತಿದ್ದೆ. ನೀರು ಕಲ್ಲಿನ ಮೇಲಿಂದ ಇಳಿದು, ಏನೂ ಬೆಳೆಯದ ಅಂಗಳದ ಗಟ್ಟಿ ಮಣ್ಣಿನಲ್ಲಿ ಹರಿದು ಹೋಯಿತು. ಅದು ಎಲ್ಲಿಗೆ ಹೋಯಿತೆಂದು ಅತ್ತೆ ನೋಡಲಿಲ್ಲ.