ಕೆಂಪಿಯ ಎಡಗೊಂಬು

ಚಿತ್ರ ಬರೆಯಲು ಬಾರದವರಿಗೆ ಈ ಲೋಕದಲ್ಲಿ ಸಾಕಷ್ಟು ರಿಯಾಯಿತಿ ಇದೆ. ಹಾಡಲು ಬಾರದವರನ್ನು ಮದುವೆ ಮನೆಯಲ್ಲಿ ಎಳೆದು ಕೂರಿಸಿ ಒಂದು ನುಡಿಯನ್ನಾದರೂ ಹಾಡಿಸುತ್ತಾರೆ. ಈಜಲು ಬಾರದವರನ್ನು ಕೆರೆಗೆ ನೂಕಿ ನಗುವವರಿದ್ದಾರೆ. ಆದರೆ "ಎಲ್ಲಿ, ಒಂದು ಆನೆ ಬರಿ ನೋಡೋಣ" ಎಂದು ಯಾರೂ ಯಾರ ಮಾನವನ್ನೂ ಕಳೆಯುವುದಿಲ್ಲ. ಈ ರಿಯಾಯಿತಿಯ ನೆರಳಿನಲ್ಲಿ ನಾನು ಮೂವತ್ತು ದಾಟುವವರೆಗೆ ನೆಮ್ಮದಿಯಾಗಿದ್ದೆ. ರಂಗೋಲಿ ಹಾಕುತ್ತೇನೆ, ಇಲ್ಲವೆನ್ನುವುದಿಲ್ಲ; ಚುಕ್ಕಿ ಇದ್ದರೆ ನನ್ನ ಕೈ ದಾರಿ ತಪ್ಪುವುದಿಲ್ಲ. ಆದರೆ ದೇವರು ದನಕರುಗಳನ್ನು ಚುಕ್ಕಿ ಇಟ್ಟುಕೊಂಡು ಮಾಡಲಿಲ್ಲ. ಅದು ನನಗೆ ಗೊತ್ತಾದದ್ದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಹಳೆಯ ಬಿ.ಎಸ್ಸಿ. ಪದವಿಯ ಧೂಳು ಕೊಡವಿ ಶಿಕಾರಿಪುರದಲ್ಲಿ ಬಿ.ಎಡ್.ಗೆ ಸೇರಿದಾಗ. ಹೊಸಬಾಳೆಯಿಂದ ಸೊರಬ, ಸೊರಬದಿಂದ ಶಿಕಾರಿಪುರ. ಬಸ್ಸಿನಲ್ಲಿ ನಿಂತುಕೊಂಡೇ ಮನೋವಿಜ್ಞಾನ ಓದಿ ಮುಗಿಸಿದೆ. ಸೊರಬದ ಒಂದು ಶಾಲೆಯವರು, "ಬಿ.ಎಡ್. ಮುಗಿಸಿಕೊಂಡು ಬನ್ನಿ, ಗಣಿತ ನಿಮಗೇ" ಎಂದಿದ್ದರು. ಆದರೆ ಗಣಿತ ಕಲಿಸುವವರೂ ಚಿತ್ರಕಲೆಯಲ್ಲಿ ಪಾಸಾಗಲೇಬೇಕೆಂಬುದನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಪಾಸಾದರೆ ಆ ಕೆಲಸ ಬೇರೆಯವರ ಪಾಲು.

ಚಿತ್ರಕಲೆಯ ಮೇಷ್ಟ್ರು ಒಳ್ಳೆಯವರು. ಮೊದಲ ದಿನ ಮೇಜಿನ ಮೇಲೆ ಒಂದು ತಂಬಿಗೆ ಇಟ್ಟು ಬರೆಯಲು ಹೇಳಿದರು. ನನ್ನ ತಂಬಿಗೆ ಒಂದು ಕಡೆ ಬಸುರಿ, ಇನ್ನೊಂದು ಕಡೆ ಉಪವಾಸವಾಗಿತ್ತು. ಅವರು ಬಹಳ ಹೊತ್ತು ನೋಡಿ, "ಇದ್ರಾಗ ನೀರು ನಿಲ್ಲಂಗಿಲ್ರೀ ಮೇಡಂ" ಎಂದರು. ಪಕ್ಕದಲ್ಲಿದ್ದ ಹುಡುಗಿ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಪೆನ್ಸಿಲನ್ನು ಸುಮ್ಮನೆ ಆಡಿಸುತ್ತಲೇ ಅದೇ ತಂಬಿಗೆಯನ್ನು ಹೊಳೆಯುವ ಹಾಗೆ ಬರೆದಿಟ್ಟಿದ್ದಳು. ಅವಳ ಮೇಲೆ ನನಗೆ ಹುಟ್ಟಿದ ಅಸೂಯೆ ನಾಚಿಕೆಪಡುವಂಥದ್ದು. ವರ್ಷದ ಕೊನೆಗೆ ಒಂದು ಪ್ರದರ್ಶನ, ಅದಕ್ಕೆ 'ನಮ್ಮ ಮನೆಯ ಪ್ರಾಣಿ' ಎಂಬ ಚಿತ್ರ. ಹೊರಗಿನಿಂದ ಪರೀಕ್ಷಕರು ಬಂದು ಗೋಡೆಯ ಮೇಲೆಯೇ ನೋಡಿ ಅಂಕ ಕೊಡುತ್ತಾರೆಂದು ಮೇಷ್ಟ್ರು ತಿಳಿಸಿದರು. ನಾನು ನಮ್ಮ ಹಸು ಕೆಂಪಿಯನ್ನು ಆರಿಸಿಕೊಂಡೆ. ಬೆಕ್ಕಿಗಿಂತ ಹಸು ದೊಡ್ಡದು, ಬರೆಯುವುದು ಸುಲಭ ಎಂಬ ಲೆಕ್ಕಾಚಾರ.

ಪೆನ್ಸಿಲಿನಲ್ಲಿ ಬರೆದದ್ದನ್ನು ಜಗುಲಿಯ ಮೇಲೆ ಹರಡಿ ಇಟ್ಟಾಗ ನನ್ನ ಮಾವ, ಅಂದರೆ ಗಂಡನ ತಂದೆ, ನೋಡಿಬಿಟ್ಟರು. ಅವರು ಚಿತ್ರ ನೋಡುವವರಲ್ಲ, ದನ ನೋಡುವವರು. ಹಾಳೆಯ ಸುತ್ತ ಒಂದು ಸುತ್ತು ಬಂದು, "ಇದು ನಮ್ ಕೆಂಪೀನಾ?" ಎಂದು ಕೇಳಿದರು. ಹೌದೆಂದೆ. "ಮೇವು ಹಾಕ್ದೆ ಎಷ್ಟು ದಿನ ಆತು? ಶಿಕಾರಿಪುರದಾಗೆ ನಮ್ ಪರಿಚಯದೋರು ಎಷ್ಟು ಜನ ಇದಾರೆ ಗೊತ್ತಾ? ದನಾನ ಉಪಾಸ ಕೆಡುವ್ತಾರೆ ಅಂತ ಆಡ್ಕಳಲ್ವಾ?" ಮಾವನ ಮರ್ಯಾದೆಗಾಗಿ ಹೊಟ್ಟೆ ದಪ್ಪ ಮಾಡಿದೆ. ಅತ್ತೆ ಬಂದು, "ಗಬ್ಬ ಆಗೈತೇನೇ? ಹಂಗಾರೆ ಕೆಚ್ಚಲು ಇಳೀಬೇಕು" ಎಂದರು. ಕೆಚ್ಚಲು ಇಳಿಸಿದೆ. ಮೊಬೈಲಿನಿಂದ ತಲೆ ಎತ್ತಿದ ನನ್ನ ಗಂಡ, ಹಸುವಿಗೆ ಐದು ಕಾಲು ಯಾಕೆ ಎಂದು ಕೇಳಿದರು. ಅದು ಬಾಲವಾಗಿತ್ತು. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಎಡಗೊಂಬು; ಅದು ತಿರುಗಿ ಕಣ್ಣಿಗೇ ಬರುತ್ತಿತ್ತು. ಅಳಿಸಿ ಅಳಿಸಿ ಕಾಗದ ಈರುಳ್ಳಿ ಸಿಪ್ಪೆಯಾಯಿತು. "ಇದನ್ನ ಕೊಯ್ಸಬೇಕು ಮಗಾ, ಇಲ್ಲಾಂದ್ರೆ ಕಣ್ಣು ಹೋಗ್ತದೆ" ಎಂದು ಮಾವ ನಿಜವಾಗಿಯೂ ಚಿಂತೆಗೆ ಬಿದ್ದರು. ಇನ್ನೊಮ್ಮೆ ಉಜ್ಜಿದರೆ ತೂತೇ ಗತಿ ಎಂದು ನಾನು ಕೊಂಬನ್ನು ಹಾಗೇ ಬಿಟ್ಟೆ.

ಪ್ರದರ್ಶನದ ದಿನ ಮಾವ ಪೇಟೆಯಲ್ಲಿ ಕೆಲಸವಿದೆ ಎಂದು ಹೇಳಿಕೊಂಡು ನನ್ನ ಜೊತೆಗೇ ಬಂದರು. ಪೇಟೆಗೆ ಹೋಗದೆ ಕಾಲೇಜಿನ ಗೋಡೆಯ ಉದ್ದಕ್ಕೂ ಇದ್ದ ದನ, ನಾಯಿ, ಕೋಳಿಗಳನ್ನೆಲ್ಲ ನೋಡುತ್ತ ನಿಂತರು. ಪರೀಕ್ಷಕರು ನನ್ನ ಹಸುವಿನ ಮುಂದೆ ಬಂದು ನಿಂತರು. "ಉಳಿದದ್ದು ಇರಲಿ, ಕೊಂಬು ಹೀಗಿರುತ್ತೇನ್ರೀ? ಹಸುವನ್ನು ಒಂದು ಸಲವಾದರೂ ನೋಡಿದ್ದೀರಾ?" ಎಂದು ಪೆನ್ನಿನ ಮುಚ್ಚಳ ತೆಗೆದರು. ಹಿಂದಿನಿಂದ ಮಾವ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮುಂದೆ ಬಂದರು.

"ಕೊಂಬು ಹಂಗೇ ಐತೆ ಸ್ವಾಮಿ. ನಮ್ಮನೆ ಹಸ ಅದು. ಕರ ಇದ್ದಾಗ ಗೂಟಕ್ಕೆ ಸಿಕ್ಕಿ ತಿರುಚ್ಕಂತು."

"ಹೊಟ್ಟೆ ಇಷ್ಟು ದಪ್ಪ?"

"ತುಂಬು ಗಬ್ಬ ರೀ."

"ಬಾಲ ನೆಲಕ್ಕೇ ಮುಟ್ಟಿದೆಯಲ್ಲ?"

"ಅದ್ರ ತಾಯೀದೂ ಹಂಗೇ ಇತ್ರೀ."

ಪರೀಕ್ಷಕರು ಕನ್ನಡಕ ಏರಿಸಿ ಹಸುವನ್ನು ಮತ್ತೊಮ್ಮೆ, ಈ ಸಲ ಗೌರವದಿಂದ, ನೋಡಿದರು. "ಹಾಗಾದರೆ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೀರಿ. ಒಳ್ಳೆಯದು" ಎಂದು ಅಂಕ ಬರೆದರು. ಪಾಸಾಗಲು ಬೇಕಾದದ್ದಕ್ಕಿಂತ ಒಂದೆರಡು ಹೆಚ್ಚೇ ಇತ್ತು. ಕೆಂಪಿಯ ಕೊಂಬುಗಳು ಜೋಡಿ ದೀಪದ ಹಾಗೆ ಸಮವಾಗಿವೆ; ದೀಪಾವಳಿಯಲ್ಲಿ ಅವಕ್ಕೆ ಬಣ್ಣ ಹಚ್ಚುವಾಗ ಮಾವ ಬೇರೆಯವರಿಗೆ ಕೈ ಹಾಕಲೂ ಬಿಡುವುದಿಲ್ಲ. ಅಂಥ ಹಸುವನ್ನು ಅವರು ನನಗಾಗಿ ಊರ ಮುಂದೆ ಕುರೂಪಿ ಮಾಡಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ಅಷ್ಟು ಸುಳ್ಳು ಯಾಕೆ ಹೇಳಿದ್ರಿ ಮಾವ?"

"ಹೊರಗಿನೋರ ಮುಂದೆ ಮನೇದನ್ನ ಹಳೀಬಾರ್ದು ಮಗಾ. ದನ ಆಗ್ಲಿ, ಜನ ಆಗ್ಲಿ" ಎಂದರು. ಆಮೇಲೆ ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಕೊಂಬು ಮಾತ್ರ ಭಾಳ ಕೆಟ್ಟದಾಗಿತ್ತು" ಎಂದರು.

ಇಬ್ಬರೂ ನಕ್ಕೆವು. ಎಂಥ ಮನೆಗೆ ಸೇರಿದೆನಲ್ಲ ಎಂದು ಹಿಗ್ಗುತ್ತ ಕುಳಿತೆ. ಬಸ್ಸು ಸ್ವಲ್ಪ ದೂರ ಹೋದ ಮೇಲೆ ನನ್ನ ಸಾರಿನ ನೆನಪಾಯಿತು. ಮನೆಗೆ ಯಾರೇ ನೆಂಟರು ಬರಲಿ, ಎಲೆಯ ಮುಂದೆ ಕೂತ ಕೂಡಲೇ ಮಾವ, "ನಮ್ ಸೊಸೆ ಮಾಡಿದ ಸಾರು ಉಂಡು ನೋಡ್ರಿ, ಇಂಥ ಸಾರು ಸುತ್ತ ಹಳ್ಳೀಲಿ ಸಿಗಲ್ಲ" ಎನ್ನುತ್ತಾರೆ. ನೆಂಟರು ಮಾತಾಡದೆ ತಲೆ ಆಡಿಸುತ್ತಾರೆ. ಆ ಹೊಗಳಿಕೆಯ ಬಲದ ಮೇಲೆ ನಾನು ಇಷ್ಟು ವರ್ಷ ಬೀಗಿದ್ದೇನೆ. ನಾದಿನಿಗೆ ಸಾರು ಮಾಡುವುದನ್ನು ಕಲಿಸಲೂ ಹೋಗಿದ್ದೇನೆ. ನೆಂಟರಿಲ್ಲದ ದಿನ ಮಾವ ಸಾರಿನ ಬಗ್ಗೆ ಏನು ಹೇಳಿದ್ದರೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳಿಯೇಬಿಡೋಣವೆಂದು ಬಾಯಿ ತೆರೆದೆ. ಆದರೆ ಬಸ್ಸಿನ ತುಂಬ ಹೊರಗಿನವರೇ ಕೂತಿದ್ದರು. ಅವರ ಮುಂದೆ ಮಾವ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ.