ಹೊರದೇಶದ ಪ್ರೊಫೆಸರ್

ಪಂದ್ಯದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಪ್ರೋಗ್ರಾಂ ಯಾರ ಆಟ ನೋಡಿ ಕಲಿತಿದೆ? ಅಲ್ಲಿ ‘ನಮ್ಮ ಅವ್ವ’ ಎಂದು ಎರಡೇ ಪದ ಬರೆದಿದ್ದರೆ ಜಂಬುನಾಥನಿಗೆ ಈ ಪಾಡು ಬರುತ್ತಿರಲಿಲ್ಲ. ನಾಚಿಕೆ ಅಡ್ಡ ಬಂತು. ಹೊಸಪೇಟೆಯ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಷ್ಟ್ರು, ಕಡ್ಡಿರಾಂಪುರದಲ್ಲಿ ಪ್ರವಾಸಿಗರಿಗೆ ದೋಸೆ ಹಾಕಿಕೊಡುವ ಅವ್ವನಿಂದ ವಿದ್ಯೆ ಎತ್ತಿಕೊಂಡೆ ಎಂದು ಬರೆಯುವುದು ಹೇಗೆ? ‘ಹೊರದೇಶದ ಒಬ್ಬ ಪ್ರೊಫೆಸರ್’ ಎಂದು ಬರೆದು ರುಜು ಹಾಕಿದ.

ಅವ್ವ ಜಂಬವ್ವನ ಹೋಂಸ್ಟೇಯಲ್ಲಿ ಹಂಪಿ ನೋಡಲು ಬಂದವರು ಬಿಟ್ಟುಹೋದ ಬ್ಯಾಕ್‌ಗ್ಯಾಮನ್ ಹಲಗೆಯೊಂದಿತ್ತು. ನಮ್ಮ ಪಗಡೆಯ ದೂರದ ನೆಂಟ ಅದು. ಎರಡು ದಾಳ, ಒಬ್ಬೊಬ್ಬರಿಗೆ ಹದಿನೈದು ಕಾಯಿ. ಎಲ್ಲವನ್ನೂ ಮೊದಲು ಹಲಗೆಯಿಂದ ಹೊರಗೆ ಸಾಗಿಸಿದವರು ಗೆದ್ದಂತೆ. ಒಂಟಿಯಾಗಿ ಸಿಕ್ಕ ಕಾಯಿಯನ್ನು ಎದುರಾಳಿ ಹೊಡೆಯಬಹುದು, ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಓಡಬೇಕು. ಪಗಡೆಯಲ್ಲಿ ಇಡೀ ಊರನ್ನೇ ಸೋಲಿಸಿದ್ದ ಜಂಬವ್ವ ಇದನ್ನೂ ವಾರದೊಳಗೆ ಕಲಿತು, ಅತಿಥಿಗಳ ಜೊತೆ ಟ್ಯಾಬಿನಲ್ಲಿ ಎರಡು ಸಾವಿರ ಆಟ ಆಡಿದ್ದಳು. ಟ್ಯಾಬಿನಲ್ಲಿ ಉಳಿದಿದ್ದ ಆ ಆಟಗಳನ್ನೆಲ್ಲ ಜಂಬುನಾಥ ತನ್ನ ಪ್ರೋಗ್ರಾಮಿಗೆ ಸುರಿದ. ಒಂದನ್ನಾದರೂ ಕೊನೆಯವರೆಗೆ ನೋಡುವ ತಾಳ್ಮೆ ಅವನಿಗಿರಲಿಲ್ಲ. ಪ್ರೋಗ್ರಾಮಿನ ಜೊತೆ ತಾನೇ ಆಡಿ ನೋಡಿದಾಗ ಹತ್ತಕ್ಕೆ ಹತ್ತೂ ಗೆದ್ದ. ತನ್ನ ಆಟ ಸುಧಾರಿಸಿದೆ ಎಂದು ಹಿಗ್ಗಿದ.

ಪ್ರೋಗ್ರಾಂಗಳ ಪಂದ್ಯ ಶನಿವಾರ ಇವರ ಕಾಲೇಜಿನ ಹಾಲಿನಲ್ಲೇ ಇತ್ತು. ವಿಭಾಗದ ಮುಖ್ಯಸ್ಥೆ ರೇಣುಕಾದೇವಿ ಮೊದಲೇ ಹೇಳಿದ್ದರು: “ಗೆದ್ರ ನಿಮ್ಮ ನೌಕರಿ ಕಾಯಂ ಮಾಡ್ರಿ ಅಂತ ಕಮಿಟಿಗೆ ನಾನ ಬರೀತೀನ್ರಿ.” ಆರು ವರ್ಷದಿಂದ ಪ್ರತಿ ಜೂನ್‌ನಲ್ಲಿ ಹೊಸ ಆರ್ಡರಿಗಾಗಿ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಜಂಬುನಾಥನಿಗೆ ಬೇಕಾಗಿದ್ದುದು ಅದೊಂದೇ.

ಮೊದಲ ಸುತ್ತಿನಲ್ಲಿ ಕಂಪ್ಲಿಯವರ ಪ್ರೋಗ್ರಾಂ ನಡುವೆಯೇ ಹ್ಯಾಂಗ್ ಆಗಿ ನಿಂತಿತು. ಹಾಗಾಗಿ ಜಂಬುನಾಥ ಫೈನಲ್ಲಿಗೆ ಬಂದ. ಎದುರಿಗೆ ಸಂಡೂರಿನವರು, ಮೂರು ಆಟ ಗೆದ್ದವರಿಗೆ ಬಹುಮಾನ.

ದೊಡ್ಡ ಪರದೆಯ ಮೇಲೆ ಜಂಬುನಾಥನ ಕಾಯಿಗಳು ಸರಸರನೆ ಓಡಿದವು. ಎಂಟು ಹೊರಗೂ ಹೋದವು. ಪಕ್ಕದಲ್ಲಿದ್ದ ಫಿಸಿಕ್ಸ್ ಮೇಷ್ಟ್ರು ವೀರೇಶ್ ಆಗಲೇ ಪೇಡೆಯ ಮಾತೆತ್ತಿದ್ದ. ಅಷ್ಟರಲ್ಲಿ ಪ್ರೋಗ್ರಾಂ, ಯಾರೂ ಕೇಳದಿದ್ದರೂ, ಜೋಡಿ ಬಿಡಿಸಿ ಒಂದು ಕಾಯಿಯನ್ನು ಒಂಟಿಯಾಗಿ ಮುಂದಿಟ್ಟಿತು. ಸಂಡೂರಿನದು ಹೊಡೆಯಿತು. ಕೈಗೆ ಬಂದ ಆಟ ಹೋಯಿತು.

“ಏನ್ರೀ ಸರ, ನಿಮ್ಮ ಪ್ರೋಗ್ರಾಂಗ ಕಣ್ಣು ಕಾಣಂಗಿಲ್ಲೇನು?” ಎಂದ ವೀರೇಶ್, ಹಿಂದಿನ ಸಾಲಿಗೂ ಕೇಳುವಂತೆ.

ಎರಡನೆಯ ಆಟವೂ ಹಾಗೇ ಹೋಯಿತು. ರೇಣುಕಾದೇವಿ ಕನ್ನಡಕ ತೆಗೆದು ಒರೆಸಿಕೊಂಡರು. “ಜಂಬುನಾಥ್, ನಿಮ್ಮ ಪ್ರೊಫೆಸರ್‌ಗ ಒಂದು ಫೋನ್ ಹಚ್ಚಿ ಕೇಳ್ರಿ.”

ಅವನು ಹೊರಗೆ ಬಂದು, ಕಂಬದ ಮರೆಯಲ್ಲಿ ನಿಂತು, ಅವ್ವನಿಗೆ ಫೋನ್ ಮಾಡಿದ. “ಅವ್ವಾ, ಗೆಲ್ಲೋ ಆಟದಾಗ ಕಾಯಿ ಒಂಟಿ ಯಾಕ ಬಿಡ್ತೀ ನೀನು?”

“ಗಿರಾಕಿ ಗೆಲ್ಲಬೇಕಲ್ಲಪ್ಪ. ಸೋತವ್ರು ಮಾರಿ ಸಣ್ಣದು ಮಾಡ್ಕೊಂಡು ಬಸ್ ಹತ್ತತಾರ. ಗೆದ್ದವ್ರು ಇನ್ನೊಂದಿನ ನಿಲ್ತಾರ. ಹಂಗಂತ ಭಾಳ ಜಲ್ದಿ ಸೋಲಬಾರದು, ಅನುಮಾನ ಬರ್ತದ. ಯಾಕ, ಯಾರು ಕೇಳಾಕತ್ತಾರ?”

“ಯಾರಿಲ್ಲ ಬಿಡು” ಎಂದು ಫೋನ್ ಇಟ್ಟ. ತಾನು ಗೆದ್ದ ಹತ್ತು ಆಟಗಳು ನೆನಪಾದವು. ಪ್ರೋಗ್ರಾಂ ಅವನನ್ನೂ ಗಿರಾಕಿ ಎಂದೇ ತಿಳಿದಿತ್ತು.

ಒಳಗೆ ಬರುವಷ್ಟರಲ್ಲಿ ಮೂರನೆಯದೂ ಮುಗಿದಿತ್ತು. ಸಂಡೂರಿನವರು ಕಪ್ ಎತ್ತಿದರು. ಆಗ ತೀರ್ಪುಗಾರ್ತಿ ದೇವಿಕಾ ಎದ್ದು ನಿಂತಳು. ಮೊಬೈಲ್ ಆಟಗಳನ್ನು ಮಾಡುವ ಕಂಪನಿಯೊಂದರವಳು.

“ಸೋತಿತಲ್ಲ, ಆ ಪ್ರೋಗ್ರಾಂ ನಮಗೆ ಬೇಕು. ಸೋತ ಆಟಗಾರರು ನಮ್ಮ ಆಪ್ ಅಳಿಸಿಬಿಡ್ತಾರೆ. ಅನುಮಾನ ಬರದ ಹಾಗೆ ಕೊನೆಗೆ ಸೋಲೋದನ್ನ ಮೂರು ವರ್ಷದಿಂದ ನಮ್ಮ ಪ್ರೋಗ್ರಾಮಿಗೆ ಕಲಿಸೋಕಾಗಿಲ್ಲ. ಇದನ್ನ ಮಾಡಿದವರಿಗೆ ಕಾಯಂ ಕೆಲಸ ಕೊಡ್ತೀವಿ.”

ಜಂಬುನಾಥ ಜಿಗಿದು ಎದ್ದ. “ನಾನ ಬರ್ದಿದ್ದು ಮೇಡಂ.”

“ಬರೆಯೋರು ನಮ್ಮಲ್ಲೇ ನಲವತ್ತು ಜನ ಇದ್ದಾರೆ ಸರ್. ಆಟ ಆಡಿದವರು ಬೇಕು. ಹೊರದೇಶದ ಪ್ರೊಫೆಸರ್ ಅಂತ ಬರೆದಿದ್ದೀರಿ. ಅವರ ನಂಬರ್ ಕೊಡಿ.”

ಜಂಬುನಾಥ ಫೋನನ್ನು ಜೇಬಿಗಿಳಿಸಲು ನೋಡಿದ. “ಈಗರ ಮಾತಾಡಿ ಬಂದ್ರಲ್ರೀ” ಎಂದು ವೀರೇಶ್ ಅವನ ಕೈಯಿಂದ ಫೋನ್ ತೆಗೆದುಕೊಂಡು, ಕೊನೆಯ ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೈಕಿನ ಮುಂದೆ ಹಿಡಿದ.

“ಏನ್ಲೇ ಜಂಬ್ಯಾ, ಒಂದು ದೋಸಿ ನೆಟ್ಟಗ ಹಾಕಾಕ ಬಿಡವಲ್ಲಿ” ಎಂಬ ಅವ್ವನ ದನಿ ಇಡೀ ಹಾಲಿಗೆ ಕೇಳಿತು.

ಎಲ್ಲರೂ ಜಂಬುನಾಥನನ್ನೇ ನೋಡಿದರು. ರೇಣುಕಾದೇವಿ ಅರ್ಜಿ ತೆಗೆದು, ಅವನ ರುಜುವಿನ ಮೇಲೆ ಬೆರಳಿಟ್ಟು, “ಇವ್ರು ಯಾರ್ರೀ?” ಎಂದು ಮೆಲ್ಲಗೆ ಕೇಳಿದರು. ನೆಲ ನೋಡುತ್ತ ಅವನು ಹೇಳಿದ, “ನಮ್ಮ ಅವ್ವ.” ಆ ಎರಡು ಪದಗಳಿಗೆ ಇಷ್ಟು ನಾಚುವ ಅಗತ್ಯ ಮೊದಲು ಇರಲಿಲ್ಲ, ಈಗ ಇತ್ತು.

ದೇವಿಕಾ ಮಾತ್ರ ಫೋನಿನಲ್ಲಿ ಎಲ್ಲವನ್ನೂ ವಿವರಿಸಿ, ಕೆಲಸಕ್ಕೆ ಕರೆದಳು.

“ದಿನಾ ಸೋಲೋ ಕೆಲಸೇನವ್ವ? ಅದು ನನಗ ಬರ್ತದ. ಆದ್ರ ನಾನು ಆಟಕ್ಕ ಕುಂತ್ರ ಇಲ್ಲಿ ದೋಸಿ ಹಾಕೋರು ಯಾರು?” ಕಾವಲಿಯ ಮೇಲೆ ದೋಸೆ ಮಗುಚಿದ ಸದ್ದು ಕೇಳಿಸಿತು. “ಹ್ಞಾಂ, ನನ್ನ ಮಗ ಅದಾನ. ಅವಂದೇನು, ಇನ್ನೂ ಕಾಯಂ ಆಗಿಲ್ಲ.”