ಮೂರು ಪುಸ್ತಕ, ಒಂದು ರೋಬೋ

"ರೋಬೋ ತರಗತಿಗೆ ಒಂದೇ ಪಠ್ಯಪುಸ್ತಕ ಸಾಕು. ಮಕ್ಕಳ ತಲೆ ಕೆಡಿಸೋದು ಬೇಡ. ಯಾವುದು ಅಂತ ಸಂಜೆಯೊಳಗೆ ನೀವೇ ಹೇಳ್ಬಿಡಿ," ಎಂದು ಪ್ರಿನ್ಸಿಪಾಲರು ಕಾಲೇಜಿನ ಲೈಬ್ರರಿಯನ್ನರ ಕೊರಳಿಗೆ ಆ ಹೊಣೆ ಕಟ್ಟಿದರು. ಇತಿಹಾಸ ಓದಿದ ಆ ಮನುಷ್ಯನಿಗೆ ಮನೆಯ ಮಿಕ್ಸಿ ನಿಂತರೆ ಅದರ ನೆತ್ತಿಗೆ ತಟ್ಟುವುದಷ್ಟೇ ಗೊತ್ತು.

ಸುದ್ದಿ ಸ್ಟಾಫ್ ರೂಮು ಮುಟ್ಟಿದ್ದೇ ತಡ, ಕಂಪ್ಯೂಟರ್ ಮೇಷ್ಟ್ರು ಇಟ್ಟಿಗೆಯಂಥ ಪುಸ್ತಕ ಹೊತ್ತು ಬಂದರು.

"ಇದನ್ನೇ ಬರ್ಕೊಳ್ಳಿ. ಮಿದುಳಿಲ್ಲದ ರೋಬೋ ಎಂಥ ರೋಬೋ?"

ಬೆನ್ನಿಗೇ ಎಂಬೆಡೆಡ್ ಮೇಡಂ. ಯಂತ್ರದ ಹೊಟ್ಟೆಯೊಳಗೆ ಕೂತು ದುಡಿಯುವ ಪುಟ್ಟ ಚಿಪ್ಪುಗಳ ಪಾಠ ಅವರದು. "ಮಿದುಳು ಹೇಳಿದ್ದನ್ನ ಕೈಗೆ ಮುಟ್ಟಿಸೋರು ಯಾರು, ಪೋಸ್ಟ್‌ಮ್ಯಾನಾ? ನರ ಬೇಕಲ್ರೀ, ನರ! ಅದು ನನ್ನ ಪುಸ್ತಕದಲ್ಲಿದೆ."

"ಕೈಕಾಲೇ ಇಲ್ದೆ ನಿಮ್ಮ ಮಿದುಳು, ನರ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?" ಎನ್ನುತ್ತ ಮೆಕ್ಯಾನಿಕಲ್ ಮೇಷ್ಟ್ರು ಮೂರನೆಯ ಪುಸ್ತಕವನ್ನು ಮೇಜಿಗೆ ಕುಕ್ಕಿದರು.

ಮೂವರೂ ಲೈಬ್ರರಿಯನ್ನರನ್ನು ಮೂರು ಕಡೆಗೆ ಎಳೆದರು. ಕಪಾಟಿಗೆ ಒರಗಿಸಿದ್ದ ಏಣಿ ತಾಗಿ ಜಾರಿತು. ಕವನಸಂಕಲನಗಳ ಸಾಲೊಂದು ದಬದಬನೆ ಅವರ ತಲೆ ಮೇಲೆ ಸುರಿಯಿತು.

ಅಲ್ಲಿಗೆ ಅವರ ಸಹನೆಯ ಕಟ್ಟೆಯೊಡೆಯಿತು. "ನಡೀರಿ ಆಚೆ! ನಾನೇ ಓದಿ ತೀರ್ಮಾನ ಮಾಡ್ತೀನಿ!"

"ನೀವಾ?" ಮೂವರೂ ನಕ್ಕರು.

"ಹೌದು, ನಾನೇ!" ಎಂದು ಚಿಲಕ ಹಾಕಿಕೊಂಡು ಕೂತರು.

ಮೊದಲ ಪುಸ್ತಕದ ಮುನ್ನುಡಿ ಎರಡನೆಯದನ್ನು ಓದಿ ಬಾ ಎಂದಿತು. ಎರಡನೆಯದು ಮೂರನೆಯದರತ್ತ ಕೈ ತೋರಿಸಿತು. ಮೂರನೆಯದು, 'ಮೊದಲನೆಯದು ಗೊತ್ತಿಲ್ಲದವರು ಮುಂದುವರಿಯಬೇಡಿ' ಎಂದು ಗದರಿತು. ಲೈಬ್ರರಿಯನ್ನರಿಗೆ ಗಾಣದೆತ್ತಿನಂತೆ ಸುತ್ತಿ ಸುತ್ತಿ ತಲೆ ತಿರುಗಿತು.

ಮೂರನ್ನೂ ಎದೆಗವಚಿಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಮೂವರೂ ಹಿಂದೆಯೇ ಓಡಿದರು.

"ಸಾರ್, ಒಂದು ಸಾಲಲ್ಲ. ಮೂರೂ ಬೇಕು! ಒಂದನ್ನ ಬಿಟ್ರೆ ಇನ್ನೆರಡು ಕುಂಟು. ಒಪ್ಪಲ್ಲ ಅಂದ್ರೆ ತಗೊಳ್ಳಿ ಲೈಬ್ರರಿ ಬೀಗದಕೈ!"

ಪ್ರಿನ್ಸಿಪಾಲರು ಕನ್ನಡಕ ತೆಗೆದರು.

"ಭೇಷ್! ಮೂರೂ ಇರಲಿ," ಎಂದರು.

ಲೈಬ್ರರಿಯನ್ನರ ಎದೆ ಉಬ್ಬಿತು. ಮೇಷ್ಟ್ರುಗಳತ್ತ ತಿರುಗಿ ಮೀಸೆಯ ಮೇಲೆ ಕೈಯಾಡಿಸಿದರು.

"ಇವರು ಮೂವರೂ ತಮ್ಮದು ಬಿಟ್ಟು ಇನ್ನೊಂದು ಮುಟ್ಟಲ್ಲ ಅಂತಾರೆ. ಮೂರನ್ನೂ ಓದಿರೋರು ನೀವೊಬ್ರೇ. ನಾಳೆಯಿಂದ ರೋಬೋ ತರಗತಿ ನಿಮ್ಮದೇ," ಎಂದು ಪ್ರಿನ್ಸಿಪಾಲರು ಚಾಕ್‌ಪೀಸ್ ಡಬ್ಬ ಕೈಗಿತ್ತರು.

"ಸಾರ್, ನಾನು ಓದಿದ್ದು ಬರೀ ಮುನ್ನುಡಿ!"

ಕಂಪ್ಯೂಟರ್ ಮೇಷ್ಟ್ರು ಅವರ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು: "ಮೆಲ್ಲಗೆ ಹೇಳ್ರೀ. ನಾವು ಮುನ್ನುಡೀನೂ ಓದಿಲ್ಲ."